ಓದುಗರ ಪ್ರಶ್ನೆ: ಸುಟ್ಟ ಕಲೆ ಎಳೆದು ಹಿಡಿದ ಮಕ್ಕಳಿಗೆ ಆಪರೇಶನ್ ಮಾಡಿಸುವುದು ಹೇಗೆ?

ಅಡಿಕೆ ಬೇಯಿಸುವ ಹಂಡೆ, ಬಚ್ಚಲೊಲೆ, ಬಸಿದ ಗಂಜಿ, ಚಿಮಣಿ ಬುಡ್ಡಿ. ಈ ಸಲ ಬಂದ ಪತ್ರಗಳಲ್ಲಿ ಮಕ್ಕಳು ಸುಟ್ಟುಕೊಂಡ ಬಗೆ ಬೇರೆ ಬೇರೆ, ಕೇಳಿದ್ದು ಹೆಚ್ಚುಕಡಿಮೆ ಒಂದೇ. ಪ್ಲಾಸ್ಟಿಕ್ ಸರ್ಜರಿ ಮತ್ತು ಫಿಸಿಯೋಥೆರಪಿ ಬಲ್ಲವರು, ಆರೋಗ್ಯ ಯೋಜನೆಗಳ ಕಾಗದಪತ್ರ ಬಲ್ಲವರು ಕೂಡಿ ಉತ್ತರ ಕೊಟ್ಟಿದ್ದಾರೆ. ಮಕ್ಕಳ ಗುರುತು ಸಿಗಬಾರದೆಂದು ಪತ್ರ ಬರೆದವರ ಹೆಸರು ಬಿಟ್ಟಿದ್ದೇವೆ.

ನಮ್ಮ ಶಾಲೆಯ ಎರಡನೇ ಇಯತ್ತೆಯ ಹುಡುಗಿ. ಅಪ್ಪ ಅಮ್ಮ ಹಾವೇರಿ ಕಡೆಯಿಂದ ಅಡಿಕೆ ತೋಟದ ಕೆಲಸಕ್ಕೆ ಬಂದವರು. ಮೂರು ವರ್ಷದ ಹಿಂದೆ ಅಡಿಕೆ ಬೇಯಿಸಿದ ಕುದಿಯುವ ಚೊಗರು ಮೈಮೇಲೆ ಬಿದ್ದು ಕುತ್ತಿಗೆಯಿಂದ ಎದೆವರೆಗೆ ಕಲೆಯಾಗಿದೆ. ಗದ್ದ ಕೆಳಗೆ ಎಳೆದುಕೊಂಡಿದೆ, ಬಲಗೈ ಮೊಣಕೈ ಪೂರ್ತಿ ನೀಡಲು ಬರುವುದಿಲ್ಲ. ಎರಡು-ಮೂರು ಲಕ್ಷ ಬೇಕು ಎನ್ನುತ್ತಾರೆ. ನಾವು ಶಿಕ್ಷಕರು ಸೇರಿ 18,000 ರೂಪಾಯಿ ಕೂಡಿಸಿದ್ದೇವೆ. ಮುಂದೇನು ಮಾಡಬೇಕು? — ಕನ್ನಡ ಶಾಲೆಯ ಅಕ್ಕೋರು, ಶಿರಸಿ ತಾಲ್ಲೂಕು

ಅಕ್ಕೋರೇ, ಆ 18,000 ರೂಪಾಯಿಯನ್ನು ಈಗ ಮುಟ್ಟಬೇಡಿ. ಅದಕ್ಕೆ ಬೇರೆ ಕೆಲಸವಿದೆ, ಕೊನೆಯಲ್ಲಿ ಹೇಳುತ್ತೇವೆ. ಇನ್ನಷ್ಟು ವಂತಿಗೆ ಎತ್ತುವುದನ್ನೂ ಸದ್ಯ ನಿಲ್ಲಿಸಿ.

ಈ ಮಗುವಿಗೆ ಆಗಿರುವುದನ್ನು ವೈದ್ಯರು ಕಾಂಟ್ರಾಕ್ಚರ್ ಎನ್ನುತ್ತಾರೆ. ಆಳವಾಗಿ ಸುಟ್ಟ ಗಾಯ ಮಾಯುವಾಗ ಚರ್ಮ ಕುಗ್ಗಿ ಹಗ್ಗದಂಥ ಪಟ್ಟಿಯಾಗುತ್ತದೆ. ಮಗು ಬೆಳೆಯುತ್ತದೆ, ಆ ಪಟ್ಟಿ ಬೆಳೆಯುವುದಿಲ್ಲ. ಹಾಗಾಗಿ ವರ್ಷದಿಂದ ವರ್ಷಕ್ಕೆ ಎಳೆತ ಹೆಚ್ಚುತ್ತದೆ. ಕುತ್ತಿಗೆ ಬಹುಕಾಲ ಎಳೆದಿದ್ದರೆ ಕೆಳದವಡೆಯ ಬೆಳವಣಿಗೆಯೂ ಕೆಡುತ್ತದೆ, ತುಟಿ ಮುಚ್ಚಲಾಗದೆ ಜೊಲ್ಲು ಸುರಿಯುತ್ತದೆ. ಇದು ಅಂದಚಂದದ ಮಾತಲ್ಲ.

ಸರ್ಕಾರಿ ಯೋಜನೆಯಲ್ಲಿ ಎಲ್ಲವೂ ನಿಂತಿರುವುದು ಅಂದಕ್ಕೋ, ಅಂಗದ ಕೆಲಸಕ್ಕೋ ಎಂಬ ಈ ವ್ಯತ್ಯಾಸದ ಮೇಲೆಯೇ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಉಚಿತ. ಎಪಿಎಲ್ ಕುಟುಂಬವಾದರೆ ಪ್ಯಾಕೇಜ್ ದರದ (ಆ ಚಿಕಿತ್ಸೆಗೆ ಯೋಜನೆ ಗೊತ್ತುಮಾಡಿದ ದರದ) ಶೇ 30ರಷ್ಟನ್ನು ಮಾತ್ರ ಸರ್ಕಾರ ಕೊಡುತ್ತದೆ, ಅದೂ ವರ್ಷಕ್ಕೆ 1.5 ಲಕ್ಷದ ಒಳಗೆ. ಆಯುಷ್ಮಾನ್ ಭಾರತ್‌ನ ರಾಷ್ಟ್ರೀಯ ಪಟ್ಟಿಯಲ್ಲಿ ಸುಟ್ಟ ನಂತರದ ಸೆಳೆತಕ್ಕೆ, ಅಂದರೆ ಈ ಕಾಂಟ್ರಾಕ್ಚರಿಗೆ, ಅಂಗದ ಕೆಲಸ ಸುಧಾರಿಸುವ ಶಸ್ತ್ರಚಿಕಿತ್ಸೆ ಎಂದೇ ಪ್ಯಾಕೇಜ್ ಇದೆ, ಕುತ್ತಿಗೆಯದ್ದು ಪ್ರತ್ಯೇಕ. ಸೌಂದರ್ಯ ಚಿಕಿತ್ಸೆಗೆ ಮಾತ್ರ ಒಂದು ಪೈಸೆಯೂ ಇಲ್ಲ. ಆದ್ದರಿಂದ ದೊಡ್ಡ ಆಸ್ಪತ್ರೆಗೆ ಕಳಿಸುವ ರೆಫರಲ್ ಚೀಟಿಯಲ್ಲಿ ‘ಸುಟ್ಟ ಕಲೆ, ಪ್ಲಾಸ್ಟಿಕ್ ಸರ್ಜರಿಗೆ’ ಎಂದಷ್ಟೇ ಬರೆದರೆ ಅರ್ಜಿ ಮೇಜಿನ ಮೇಲೇ ಮಲಗೀತು. ‘ಕುತ್ತಿಗೆಯ ಕಾಂಟ್ರಾಕ್ಚರ್, ತಲೆ ಹಿಂದಕ್ಕೆ ಬಾಗದು, ಬಾಯಿ ಪೂರ್ತಿ ಮುಚ್ಚದು, ಬಲ ಮೊಣಕೈ ಇಷ್ಟು ಡಿಗ್ರಿಗಿಂತ ಹೆಚ್ಚು ನೀಡದು’ ಎಂದು ಬರೆಸಬೇಕು. ಮಗುವಿಗೆ ಏನು ಮಾಡಲು ಬರುವುದಿಲ್ಲ ಎಂಬುದು ಕಾಗದದ ಮೇಲೆ ಬರಲಿ. ಸುಳ್ಳು ಬರೆಸುವ ಅಗತ್ಯವೇ ಇಲ್ಲ, ಇದ್ದದ್ದನ್ನು ಪೂರ್ತಿ ಬರೆಸಿದರೆ ಸಾಕು.

ಮೊದಲು ಪಡಿತರ ಚೀಟಿ ತರಿಸಿ ನೋಡಿ. ಮಗುವಿನ ಹೆಸರು ಅದರಲ್ಲಿದೆಯೇ? ಗುಳೆ ಬಂದವರ ಮನೆಯಲ್ಲಿ ಚೀಟಿ ಊರಲ್ಲಿ ಅಜ್ಜಿಯ ಹತ್ತಿರ ಇರುತ್ತದೆ, ಕಿರಿಯ ಮಕ್ಕಳ ಹೆಸರು ಸೇರಿಸಿರುವುದೇ ಇಲ್ಲ. ಜನನ ಪ್ರಮಾಣಪತ್ರ, ಆಧಾರ್ ಕೊಟ್ಟು ಸೇರಿಸಬೇಕು. ಬಹಳ ಸಲ ತಡವಾಗುವುದು ಇಲ್ಲೇ, ಆಸ್ಪತ್ರೆಯಲ್ಲಿ ಅಲ್ಲ. ಕಾರ್ಡು ಹಾವೇರಿಯದ್ದೆಂದು ಚಿಂತೆ ಬೇಡ, ರಾಜ್ಯದೊಳಗೆ ಎಲ್ಲಿಯದಾದರೂ ನಡೆಯುತ್ತದೆ. ಆಧಾರ್ ಐದು ವರ್ಷದೊಳಗೆ ಮಾಡಿಸಿದ್ದಾದರೆ ಈಗ ಬೆರಳಚ್ಚು, ಕಣ್ಣಿನ ಗುರುತು ಕೊಟ್ಟು ನವೀಕರಿಸಿ. ಕೈ ಸುಟ್ಟ ಮಕ್ಕಳ ಬೆರಳಚ್ಚನ್ನು ಯಂತ್ರ ಹಿಡಿಯದೇ ಹೋಗುವುದುಂಟು. ಅದಕ್ಕೇ ಆಧಾರಿಗೆ ತಾಯಿ ಅಥವಾ ತಂದೆಯ ಮೊಬೈಲ್ ನಂಬರ್ ಜೋಡಿಸಿಡಿ, ಆಗ ಒಟಿಪಿಯಲ್ಲಿ ಕೆಲಸ ನಡೆಯುತ್ತದೆ. ಆಯುಷ್ಮಾನ್ ಕಾರ್ಡನ್ನು ಗ್ರಾಮ ಒನ್ ಕೇಂದ್ರದಲ್ಲಿ ಮಾಡಿಸಬಹುದು.

ಆಮೇಲೆ ಶಿರಸಿಯ ಪಂಡಿತ ಸಾರ್ವಜನಿಕ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸಕರಿಗೆ ತೋರಿಸಿ. ಇಂಥ ದೊಡ್ಡ ಆಪರೇಶನ್ ತುರ್ತಿನದಲ್ಲ, ಆದ್ದರಿಂದ ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕಾಗುತ್ತದೆ. ನಮ್ಮ ಉತ್ತರ ಕನ್ನಡ ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಕೂಗು ಹಳೆಯದು. ಸದ್ಯಕ್ಕೆ ಘಟ್ಟದ ಮೇಲಿನವರು ಹುಬ್ಬಳ್ಳಿಯಲ್ಲಿ ಕಿಮ್ಸ್ ಎಂದೇ ಜನ ಕರೆಯುವ ಸರ್ಕಾರಿ ಆಸ್ಪತ್ರೆ ಅಥವಾ ಧಾರವಾಡದ ಕಡೆ ಹೋಗುವುದು, ಭಟ್ಕಳ-ಹೊನ್ನಾವರದವರು ಮಣಿಪಾಲದತ್ತ ಹೋಗುವುದು ರೂಢಿ. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯಲ್ಲಿ ಸುಟ್ಟ ಗಾಯಗಳಿಗೆಂದೇ ದೊಡ್ಡ ವಿಭಾಗವಿದೆ. ಹೊರಡುವ ಮೊದಲು ಆರೋಗ್ಯ ಸಹಾಯವಾಣಿ 104ಕ್ಕೆ ಫೋನ್ ಮಾಡಿ, ಆ ಆಸ್ಪತ್ರೆ ಈ ಚಿಕಿತ್ಸೆಗೆ ನೋಂದಾಯಿತವೇ ಎಂದು ಕೇಳಿ. ಪ್ಲಾಸ್ಟಿಕ್ ಸರ್ಜನ್ ಒಪಿಡಿ ವಾರದ ಯಾವ ದಿನ ಎಂಬುದನ್ನು ಆಸ್ಪತ್ರೆಗೇ ಕೇಳಿ. ಅದು ತಿಳಿಯದೆ ಹೋಗಿ ಒಂದು ದಿನದ ಕೂಲಿ ಕಳೆದುಕೊಂಡವರು ಎರಡನೇ ಸಲ ಹೋಗುವುದಿಲ್ಲ.

ಫೋಟೋ ತೆಗೆದಿಟ್ಟುಕೊಳ್ಳಿ. ಬರೀ ಗೋಡೆಯ ಮುಂದೆ, ಹಗಲು ಬೆಳಕಿನಲ್ಲಿ, ಮಗು ತಲೆಯನ್ನು ಆದಷ್ಟು ಮೇಲೆತ್ತಿದಾಗ ಮುಂದಿನಿಂದ ಒಂದು, ಪಕ್ಕದಿಂದ ಒಂದು. ಎರಡೂ ಕೈ ಚಾಚಿದಾಗ ಒಂದು. ಪಕ್ಕದ ಫೋಟೋದಲ್ಲಿ ಗದ್ದದಿಂದ ಎದೆಗೆ ಎಳೆದ ಪಟ್ಟಿ ಬಿಳಚಿಕೊಂಡು ದಾರದಂತೆ ಎದ್ದು ಕಾಣುತ್ತದೆ. ಮಂಜೂರಾತಿ ಕೊಡುವವರು ನೋಡುವುದು ಅದನ್ನೇ. ಈ ಫೋಟೋ ವೈದ್ಯರಿಗೆ ಮಾತ್ರ. ವಾಟ್ಸಾಪ್ ಗುಂಪುಗಳಿಗೆ ಹಾಕಿ ಹಣ ಕೇಳಬೇಡಿ. ಆ ಹುಡುಗಿ ನಾಳೆ ಹೈಸ್ಕೂಲಿಗೆ ಹೋಗುವವಳು.

ಕುತ್ತಿಗೆಯ ಆಪರೇಶನ್ನನ್ನು ಸಣ್ಣ ನರ್ಸಿಂಗ್ ಹೋಮಿನಲ್ಲಿ ಕಡಿಮೆಗೆ ಮಾಡಿಕೊಡುತ್ತೇವೆಂದರೂ ಒಪ್ಪಬೇಡಿ. ಗದ್ದ ಎದೆಗೆ ಅಂಟಿದಂತಿರುವ ಮಗುವಿಗೆ ಅರಿವಳಿಕೆ ಕೊಡುವಾಗ ಉಸಿರಿನ ನಳಿಗೆ ಹಾಕುವುದೇ ಕಷ್ಟ. ಅದಕ್ಕೆ ಬೇಕಾದ ಸಲಕರಣೆ, ನುರಿತ ಅರಿವಳಿಕೆ ತಜ್ಞರು, ಮಕ್ಕಳ ಐಸಿಯು ಇರುವ ಕಡೆಯೇ ಆಗಬೇಕು.

ಇನ್ನು ನಿಮ್ಮ 18,000. ಯೋಜನೆ ಆಪರೇಶನ್, ಆಸ್ಪತ್ರೆ ವಾಸ, ಬಿಡುಗಡೆಯಾದ ಮೇಲೆ 15 ದಿನದ ಔಷಧಿ ನೋಡಿಕೊಳ್ಳುತ್ತದೆ. ಸೆಳೆತದ ಪ್ಯಾಕೇಜ್‌ನಲ್ಲಿ ಅಂಗವನ್ನು ನೆಟ್ಟಗೆ ಹಿಡಿದಿಡುವ ಸ್ಪ್ಲಿಂಟ್, ಪ್ರೆಷರ್ ಗಾರ್ಮೆಂಟ್ ಎನ್ನುವ ಬಿಗಿ ಉಡುಪು, ಕಲೆಗೆ ಅಂಟಿಸುವ ಸಿಲಿಕೋನ್ ಹಾಳೆ, ಫಿಸಿಯೋಥೆರಪಿ ಸಹ ಸೇರಿವೆ. ಅವನ್ನು ಹೊರಗಿನಿಂದ ತನ್ನಿ ಎಂದರೆ ಯೋಜನೆಯ ನೆರವಿಗೆಂದು ಆಸ್ಪತ್ರೆಯಲ್ಲಿರುವ ಆರೋಗ್ಯಮಿತ್ರರನ್ನು ಕಂಡು ಕೇಳಿ, ಬಗೆಹರಿಯದಿದ್ದರೆ 104ಕ್ಕೆ ದೂರು ಕೊಡಿ. ಯೋಜನೆಯ ಕೈ ತಲುಪದಿರುವುದು ಅದರ ನಂತರದ ಒಂದು ವರ್ಷ: ಮರುಭೇಟಿಗೆ ಓಡಾಟ, ಆ ದಿನಗಳ ಕೂಲಿ ನಷ್ಟ, ಮೂರು ತಿಂಗಳಿಗೊಮ್ಮೆ ಹೊಸ ಉಡುಪು. ದುಡ್ಡು ಅದಕ್ಕಿರಲಿ. ಶಕ್ತಿ ಯೋಜನೆಯಲ್ಲಿ ತಾಯಿಗೂ ಮಗಳಿಗೂ ರಾಜ್ಯದೊಳಗಿನ ಸಾಮಾನ್ಯ ಸಾರಿಗೆ ಬಸ್ಸಿನಲ್ಲಿ ಟಿಕೆಟ್ಟಿಲ್ಲ, ಆಧಾರ್ ಮಾತ್ರ ಒಯ್ಯಲಿ. ತಂದೆಗೆ ಚಾರ್ಜು, ಊಟ, ಉಳಿದುಕೊಳ್ಳುವ ಖರ್ಚು ಬೀಳುತ್ತದೆ. ಆಸ್ಪತ್ರೆಯಲ್ಲಿ ಏಳರಿಂದ ಹತ್ತು ದಿನ ಎಂದು ಲೆಕ್ಕ ಹಾಕಿ.

ಮಗು ಸುಟ್ಟುಕೊಂಡದ್ದು ಮನೆಯಲ್ಲೇ, ನಾಲ್ಕು ವರ್ಷವಾಯಿತು. ಈಗ ದೊಡ್ಡ ಆಸ್ಪತ್ರೆಗೆ ಹೋದರೆ ಪೊಲೀಸ್ ಕೇಸಾಗುತ್ತದೆಂದು ಅತ್ತೆ ಹೆದರಿಸುತ್ತಾರೆ. — ಓದುಗರು, ಕುಮಟಾ

ತಾಜಾ ಸುಟ್ಟ ಗಾಯ ಬಂದಾಗ ಆಸ್ಪತ್ರೆಯವರು ಪೊಲೀಸರಿಗೆ ತಿಳಿಸುವುದು ವಾಡಿಕೆ. ತಿಳಿಸಿದ ಮಾತ್ರಕ್ಕೆ ಯಾರೂ ಆರೋಪಿಯಾಗುವುದಿಲ್ಲ. ಮಾಯ್ದ ಹಳೆಯ ಕಲೆ ಸರಿಪಡಿಸಲು ಹೋದವರಿಗೆ ಸಾಮಾನ್ಯವಾಗಿ ಈ ಪ್ರಶ್ನೆಯೇ ಏಳದು. ಹೇಗಾಯಿತೆಂದು ವೈದ್ಯರು ಕೇಳಿದರೆ ಇದ್ದದ್ದು ಹೇಳಿ, ಬಿಸಿನೀರೋ ಎಣ್ಣೆಯೋ ಬೆಂಕಿಯೋ ಎಂಬುದರಿಂದ ಗಾಯ ಎಷ್ಟು ಆಳ ಹೋಗಿತ್ತೆಂದು ಅವರಿಗೆ ತಿಳಿಯುತ್ತದೆ.

ನಾಲ್ಕು ವರ್ಷದ ಮಗ. ಐದು ತಿಂಗಳ ಹಿಂದೆ ಗಂಜಿ ಚೆಲ್ಲಿ ಎಡಗೈ ಬೆಂದಿತು. ಗಾಯ ಮಾಯಿತು, ಬೆರಳುಗಳು ಅಂಗೈಗೆ ಮಡಚಿಕೊಳ್ಳುತ್ತಿವೆ. ಕಲೆ ಹಣ್ಣಾಗಲಿ, ಎರಡು ವರ್ಷ ಬಿಟ್ಟು ನೋಡೋಣ ಎಂದರು. ಕಾಯಬಹುದೇ? — ತಾಯಿ, ಅಂಕೋಲಾ

ತಂಗೀ, ಸುಮ್ಮನೆ ಕಾಯಬೇಡ. ಕಲೆ ಕೆಂಪಗೆ, ಉಬ್ಬಿ, ತುರಿಸುವ ಸ್ಥಿತಿಯಿಂದ ಮೆತ್ತಗಾಗಿ ತಣಿಯಲು ವರ್ಷ-ಒಂದೂವರೆ ವರ್ಷ ಹಿಡಿಯುತ್ತದೆ, ಅದಾದ ಮೇಲೆ ಕತ್ತರಿಸಿದರೆ ಫಲ ಚೆನ್ನ ಎಂಬುದು ನಿಜ. ಬೆನ್ನು, ತೊಡೆಯಂಥ ಕಡೆಗೆ ಆ ಮಾತು ಸಲ್ಲುತ್ತದೆ. ಕಣ್ಣಿನ ರೆಪ್ಪೆ ಎಳೆದು ಕಣ್ಣು ಮುಚ್ಚದಿದ್ದರೆ ಒಂದು ವಾರವೂ ಕಾಯುವಂತಿಲ್ಲ, ಕರಿಗುಡ್ಡೆ ಒಣಗಿ ದೃಷ್ಟಿಯೇ ಹೋದೀತು. ಬಾಯಿ ಕಿರಿದಾಗುವುದು, ಗದ್ದ ಎದೆಗೆ ಎಳೆಯುವುದು, ಬೆಳೆಯುವ ಮಗುವಿನ ಬೆರಳು ಮಡಚುವುದು, ಇವಕ್ಕೂ ಬೇಗನೆ ಮಾಡಬೇಕಾಗುತ್ತದೆ. ಬೆರಳು ವರ್ಷಗಟ್ಟಲೆ ಮಡಚಿದ್ದರೆ ಕೀಲು, ಸ್ನಾಯುರಜ್ಜು ಎಲ್ಲ ಗಿಡ್ಡವಾಗುತ್ತವೆ. ಆಮೇಲೆ ಚರ್ಮ ಎಷ್ಟು ಹಾಕಿದರೂ ಬೆರಳು ನೆಟ್ಟಗಾಗದು.

ಈಗಲೇ ಕಾರವಾರದ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಕ್ರಿಮ್ಸ್‌ಗೆ ಒಯ್ದು ತೋರಿಸು. ಕೈ ಚಪ್ಪಟೆಯಾಗಿ ಹಿಡಿಯುವ ಸ್ಪ್ಲಿಂಟ್ ಬೇಕು ಎಂದು ಬಾಯಿಬಿಟ್ಟು ಕೇಳು. ಸಣ್ಣ ಮಕ್ಕಳಿಗೆ ರಾತ್ರಿ ಇಡೀ, ಹಗಲಿನ ನಿದ್ದೆಗೂ ಕಟ್ಟಬೇಕು. ಎಚ್ಚರವಿದ್ದಾಗ ಕೈಯಾಡಿಸಿ ಆಡಲಿ. ಪರೀಕ್ಷೆ ಸುಲಭ: ಅಂಗೈಯನ್ನು ಮೇಜಿನ ಮೇಲೆ ಒತ್ತದೆ ಇಡಿಸು, ಬೆರಳು ಮತ್ತು ಮೇಜಿನ ನಡುವೆ ಎಷ್ಟು ಸಂದಿ ಉಳಿಯುತ್ತದೆಂದು ಅಳತೆಪಟ್ಟಿಯಲ್ಲಿ ಅಳೆದು ತಾರೀಕು ಹಾಕಿ ಬರೆದಿಡು. ಹದಿನೈದು ದಿನಕ್ಕೊಮ್ಮೆ ಅಳೆ. ಸ್ಪ್ಲಿಂಟ್ ಕಟ್ಟಿಯೂ ಸಂದಿ ಹೆಚ್ಚುತ್ತಿದ್ದರೆ ಆ ಲೆಕ್ಕವನ್ನೇ ಪ್ಲಾಸ್ಟಿಕ್ ಸರ್ಜನ್‌ಗೆ ತೋರಿಸು, ಎರಡು ವರ್ಷ ಕಾಯಿರಿ ಎನ್ನಲಾರರು.

ಎರಡು ಸಲ ಆಪರೇಶನ್ ತಾರೀಕು ಕೊಟ್ಟು ವಾಪಸ್ ಕಳಿಸಿದರು. ಒಮ್ಮೆ ಶೀತ, ಒಮ್ಮೆ ರಕ್ತ ಕಡಿಮೆ ಎಂದರು. ಬಡವರೆಂದು ಆಟ ಆಡಿಸುತ್ತಿದ್ದಾರೆಯೇ? — ಸಿದ್ದಾಪುರ

ನಿಮ್ಮ ಸಂಕಟ ಅರ್ಥವಾಗುತ್ತದೆ, ಆದರೆ ಎರಡೂ ಕಾರಣ ನಿಜವಾದವೇ. ಶೀತ-ಕೆಮ್ಮು ಇರುವ ಮಗುವಿಗೆ ಅರಿವಳಿಕೆ ಕೊಟ್ಟರೆ ಶ್ವಾಸನಾಳ ಬಿಗಿಯುವ ಅಪಾಯವಿದೆ; ಶೀತ ಕಡಿಮೆಯಾಗಿ ಎರಡು-ಮೂರು ವಾರ ಕಳೆಯಬೇಕು. ಸೆಳೆತ ಬಿಡಿಸುವಾಗ ರಕ್ತ ಹೋಗುತ್ತದೆ, ರಕ್ತ ಕಡಿಮೆಯಿದ್ದ ಮೈಯಲ್ಲಿ ಬೇರೆ ಕಡೆಯಿಂದ ತೆಗೆದು ಕಸಿ ಮಾಡಿದ ಚರ್ಮ ಸರಿಯಾಗಿ ಹತ್ತುವುದೂ ಇಲ್ಲ. ಹಿಮೋಗ್ಲೋಬಿನ್ 10ಕ್ಕಿಂತ ಮೇಲಿರಲಿ ಎಂದು ಸಾಮಾನ್ಯವಾಗಿ ಬಯಸುತ್ತಾರೆ. ಪರೀಕ್ಷೆಯನ್ನು ತಾಲ್ಲೂಕು ಆಸ್ಪತ್ರೆಯಲ್ಲೇ ಎರಡು ತಿಂಗಳು ಮುಂಚೆ ಮಾಡಿಸಿ. ಕಡಿಮೆ ಬಂದರೆ ಕಬ್ಬಿಣದ ಸಿರಪ್, ಜಂತಿನ ಮಾತ್ರೆ ಅಲ್ಲೇ ಸಿಗುತ್ತವೆ. ಸಿರಪ್ಪನ್ನು ಚಹಾದ ಜತೆ ಕೊಡಬೇಡಿ, ಲಿಂಬು ಪಾನಕದೊಂದಿಗೆ ಕೊಟ್ಟರೆ ಮೈಗೆ ಹತ್ತುತ್ತದೆ. ಮೊಟ್ಟೆ, ಮೀನು, ಕಾಳು ದಿನಾ ಇರಲಿ.

ಆಪರೇಶನ್ ದಿನ ಘನ ಆಹಾರ, ಹಾಲು ಆರು ಗಂಟೆ ಮುಂಚೆ ನಿಲ್ಲಬೇಕು. ಬರೀ ನೀರನ್ನು ಎರಡು ಗಂಟೆ ಮುಂಚಿನವರೆಗೂ ಕೊಡಬಹುದು, ವಾರ್ಡಿನಲ್ಲಿ ಕೇಳಿಕೊಂಡೇ ಕೊಡಿ. ಅಳುತ್ತದೆಂದು ಅಜ್ಜಿ ಕದ್ದು ಬಿಸ್ಕತ್ತು ತಿನ್ನಿಸಿದರೆ ಮೂರನೇ ತಾರೀಕೂ ಹೋಯಿತು.

ನಮ್ಮ ಬೋಟಿನಲ್ಲಿ ಕೆಲಸ ಮಾಡುವವ ಜಾರ್ಖಂಡದವ, ಸಂಸಾರವೂ ಇಲ್ಲೇ ಇದೆ. ಮಗನ ಕಂಕುಳು ಸುಟ್ಟು ಕೈ ಮೇಲೆತ್ತಲಾಗದು. ಗೋವಾಕ್ಕೆ ಕಳಿಸಲೇ? — ಬೈತಖೋಲ, ಕಾರವಾರ

ಅವನ ಊರಿನ ಆಯುಷ್ಮಾನ್ ಕಾರ್ಡು ಇದ್ದರೆ ದೇಶದ ಯಾವುದೇ ನೋಂದಾಯಿತ ಆಸ್ಪತ್ರೆಯಲ್ಲಿ ನಡೆಯುತ್ತದೆ. ಕಾರ್ಡು ಇದೆಯೋ ಇಲ್ಲವೋ ಗೊತ್ತಿಲ್ಲದಿದ್ದರೆ ಅವನ ಆಧಾರ್, ಊರಿನ ರೇಶನ್ ಕಾರ್ಡು ನಂಬರ್ ಹಿಡಿದು ಆಯುಷ್ಮಾನ್ ಸಹಾಯವಾಣಿ 14555ಕ್ಕೆ ಫೋನ್ ಮಾಡಿಸಿ, ಹಿಂದಿಯಲ್ಲೇ ಮಾತಾಡಬಹುದು.

ಬಾಂಬೋಳಿಯ ಗೋವಾ ಮೆಡಿಕಲ್ ಕಾಲೇಜು ಕಾರವಾರದವರಿಗೆ ಹತ್ತಿರ, ಸರಿ. ಆದರೆ 2018ರಿಂದ ಅಲ್ಲಿ ಗೋವಾದವರಲ್ಲದವರಿಗೆ ಶುಲ್ಕವಿದೆ. ಇನ್ನೊಂದು ಮಾತು ನಮ್ಮವರಿಗೆ: ಕರ್ನಾಟಕದ ಬಿಪಿಎಲ್ ಕುಟುಂಬಗಳೆಲ್ಲ ಕೇಂದ್ರದ ಪಟ್ಟಿಯಲ್ಲಿಲ್ಲ, ಎಷ್ಟೋ ಕುಟುಂಬಗಳ ಖರ್ಚನ್ನು ರಾಜ್ಯವೇ ಭರಿಸುತ್ತದೆ. ಅಂಥ ಕಾರ್ಡು ಗಡಿ ದಾಟಿದರೆ ನಡೆಯುತ್ತದೆಂದು ನಂಬಿ ಹೋಗಬೇಡಿ, ಕೇಳಿಯೇ ಹೊರಡಿ. ಯಾವ ಕಾರ್ಡೂ ಇಲ್ಲದವರಿಗೆ ಮುಖ್ಯಮಂತ್ರಿ ಪರಿಹಾರ ನಿಧಿ ಉಳಿಯುತ್ತದೆ. ಆಸ್ಪತ್ರೆಯ ಅಂದಾಜು ಪಟ್ಟಿ, ಆಧಾರ್, ಆದಾಯ ಪ್ರಮಾಣಪತ್ರ, ಶಾಸಕರ ಪತ್ರ ಹಚ್ಚಿ ಅರ್ಜಿ ಹಾಕಬೇಕು. ಅದಕ್ಕೆ ಸಮಯ ಹಿಡಿಯುತ್ತದೆ.

ಕಲೆ ಪೂರ್ತಿ ಹೋಗುತ್ತದೆಯೇ? ಲೇಸರ್‌ನಲ್ಲಿ ಹಾಲುಚರ್ಮ ಬರುತ್ತದೆಂದು ಜಾಹೀರಾತು ನೋಡಿದೆ. — ಹೊನ್ನಾವರ

ಇಲ್ಲ. ಯಾವ ಆಪರೇಶನ್ನೂ, ಯಾವ ಲೇಸರ್ರೂ ಕಲೆಯನ್ನು ಇಲ್ಲವಾಗಿಸದು. ಎಳೆತ ಹೋಗುತ್ತದೆ, ಉಬ್ಬು ತಗ್ಗುತ್ತದೆ, ಬಣ್ಣ ಒಂದಿಷ್ಟು ಹೊಂದುತ್ತದೆ. ಕಸಿ ಹಾಕಿದ ತೇಪೆಯೂ ತೊಡೆಯಲ್ಲಿ ಚರ್ಮ ತೆಗೆದ ಜಾಗವೂ ಕಾಣುತ್ತಲೇ ಇರುತ್ತವೆ. ಇದನ್ನು ಮಗುವಿಗೂ ಆಪರೇಶನ್ನಿಗೆ ಮೊದಲೇ ಹೇಳಿ. ಕಟ್ಟು ಬಿಚ್ಚಿದ ದಿನ ಕನ್ನಡಿ ನೋಡಿ ಅದು ಕುಸಿಯಬಾರದು. ಸೆಳೆತವಿಲ್ಲದೆ ಬರೀ ಉಬ್ಬಿ ತುರಿಸುವ ಕಲೆಯಾದರೆ ಸಿಲಿಕೋನ್ ಹಾಳೆ, ಕಲೆಯೊಳಗೆ ಕೊಡುವ ಸ್ಟಿರಾಯ್ಡ್ ಚುಚ್ಚುಮದ್ದಿನಿಂದ ಗುಣ ಕಾಣುತ್ತದೆ. ಬಹಳ ವರ್ಷದ ಕಲೆಯಲ್ಲಿ ಮಾಯದ ಹುಣ್ಣು ಎದ್ದರೆ ಮಾತ್ರ ಮುಲಾಮು ಹಚ್ಚುತ್ತ ಕೂರಬಾರದು. ಅದು ಕ್ಯಾನ್ಸರಿಗೆ ತಿರುಗುವುದುಂಟು, ತುಣುಕು ತೆಗೆದು ಪರೀಕ್ಷಿಸಲೇಬೇಕು.

ಫೆಬ್ರವರಿಯಲ್ಲಿ ಮಗಳ ಕುತ್ತಿಗೆ ಆಪರೇಶನ್ ಚೆನ್ನಾಗಿ ಆಯಿತು. ಈಗ ಜೂನ್, ಮತ್ತೆ ಬಿಗಿಯುತ್ತಿದೆ. ಕುತ್ತಿಗೆಗೆ ಕಟ್ಟಲು ಕೊಟ್ಟ ಕಾಲರ್ ಚುಚ್ಚುತ್ತದೆಂದು ತೆಗೆದಿಟ್ಟಿದ್ದಾಳೆ. ಬಿಗಿ ಅಂಗಿಯಿಂದ ಬೆವರುಸಾಲೆ, ಮಳೆಯಲ್ಲಿ ಅದು ಒಣಗುವುದೂ ಇಲ್ಲ. ಆಪರೇಶನ್ ಕೆಟ್ಟಿತೇ? — ತಾಯಿ, ಭಟ್ಕಳ

ಆಪರೇಶನ್ ಕೆಟ್ಟಿಲ್ಲ ಅಮ್ಮಾ, ಕಾಲರ್ ಬಿಟ್ಟದ್ದು ಕೆಡಿಸುತ್ತಿದೆ. ಕಸಿ ಮಾಡಿದ ಚರ್ಮ ಹೆಚ್ಚು ಕುಗ್ಗುವುದು ಮೊದಲ ಮೂರರಿಂದ ಆರು ತಿಂಗಳಲ್ಲಿ. ತೆಳು ಪದರದ ಕಸಿಯಾದರೆ ಇನ್ನೂ ಹೆಚ್ಚು. ಆ ಕಾಲದಲ್ಲಿ ಎದುರಿನಿಂದ ಹಿಡಿದು ನಿಲ್ಲಿಸುವುದು ಕಾಲರ್ ಒಂದೇ. ಊಟ, ಸ್ನಾನ, ವ್ಯಾಯಾಮ ಬಿಟ್ಟು ಹಗಲೂ ರಾತ್ರಿ ಆರು ತಿಂಗಳು, ಆಮೇಲೆ ರಾತ್ರಿ ಮಾತ್ರ ವರ್ಷದವರೆಗೆ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ನಾಲ್ಕು ತಿಂಗಳಷ್ಟೇ ಆಗಿರುವುದರಿಂದ ಇನ್ನೂ ಕಾಲ ಮಿಂಚಿಲ್ಲ. ಈ ವಾರವೇ ಕಾಲರ್ ಸಮೇತ ಹೋಗಿ. ಚುಚ್ಚುವ ಅಂಚನ್ನು ಬಿಸಿ ಮಾಡಿ ಮಣಿಸಿ ಕೊಡುತ್ತಾರೆ; ಮಗು ಬೆಳೆದಿದ್ದರೆ ಹೊಸದೇ ಬೇಕು. ಅಲ್ಲಿಯವರೆಗೆ ತಲೆದಿಂಬು ತೆಗೆದು, ಕಂಬಳಿಯ ಸುರುಳಿಯನ್ನು ಎರಡೂ ಭುಜದ ಅಡಿಗೆ ಕೊಟ್ಟು ಮಲಗಿಸಿ, ತಲೆ ತಾನೇ ಹಿಂದಕ್ಕೆ ಬಾಗುತ್ತದೆ.

ಮಾಲೀಶು ದಿನಕ್ಕೆ ಮೂರು-ನಾಲ್ಕು ಸಲ, ಹತ್ತು ನಿಮಿಷ. ತೆಂಗಿನೆಣ್ಣೆ ಸಾಕು, ದುಬಾರಿ ಕ್ರೀಮು ಬೇಡ. ಮೇಲೆ ಮೇಲೆ ಸವರಿದರೆ ಆಗದು. ಹೆಬ್ಬೆರಳಿನಿಂದ ಒತ್ತಿದಾಗ ಕಲೆ ಬಿಳಚಿಕೊಳ್ಳಬೇಕು, ಹಾಗೇ ಒತ್ತಿಹಿಡಿದು ಸಣ್ಣ ಸುತ್ತು ಹಾಕಬೇಕು. ಗುಳ್ಳೆ, ಹುಣ್ಣು ಇದ್ದ ಕಡೆ ಮುಟ್ಟಬೇಡಿ. ಎಣ್ಣೆ ಉಳಿದ ಮೈಮೇಲೆ ಬಿಗಿ ಅಂಗಿ ಹಾಕಿದರೆ ಇಲಾಸ್ಟಿಕ್ ಸಡಿಲುತ್ತದೆ, ಸಿಲಿಕೋನ್ ಹಾಳೆ ಅಂಟುವುದಿಲ್ಲ. ಅದಕ್ಕೆ ದೊಡ್ಡ ಮಾಲೀಶು ಸ್ನಾನಕ್ಕೆ ಮುಂಚೆ, ಉಳಿದ ಸಲ ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಿಸಿ, ಆಮೇಲೆ ಅಂಗಿ.

ಬಿಗಿ ಅಂಗಿ ದಿನಕ್ಕೆ 23 ಗಂಟೆ ಮೈಮೇಲಿರಬೇಕು ಎನ್ನುತ್ತಾರೆ. ಕರಾವಳಿಯ ಸೆಕೆಯಲ್ಲಿ ಅದು ಸಣ್ಣ ಮಾತಲ್ಲ, ನಿಮ್ಮ ಮಗಳು ಹಟ ಮಾಡುತ್ತಿರುವುದು ಸುಳ್ಳಲ್ಲ. ಬೆವರುಸಾಲೆ ಎದ್ದ ದಿನ ಬಿಚ್ಚಿ, ತಣ್ಣೀರಲ್ಲಿ ಮೀಯಿಸಿ, ಫ್ಯಾನಿನಡಿ ಮೈ ಆರಿಸಿ. ಸಾಲೆ ತಗ್ಗಿದ ಮೇಲೆ ನಾಲ್ಕು ಗಂಟೆಯಿಂದ ಶುರುಮಾಡಿ ದಿನಕ್ಕೆ ಎರಡು-ಮೂರು ಗಂಟೆ ಏರಿಸಿ. ಪೌಡರ್ ಬೇಡ, ಬೆವರಿಗೆ ಮುದ್ದೆಗಟ್ಟಿ ಉಜ್ಜುತ್ತದೆ. ಉಸಿರಾಡಲು ಕಷ್ಟ, ಕೈ ಜೋಮು ಎಂದರೆ ಅದು ಅತಿ ಬಿಗಿ, ಆಗ ತೆಗೆಯಲೇಬೇಕು.

ಎರಡು ಜೊತೆ ಇಲ್ಲದೆ ಮಳೆಗಾಲ ಕಳೆಯುವುದು ಆಗದ ಮಾತು. ಒಂದು ಮೈಮೇಲೆ, ಒಂದು ಒಗೆತಕ್ಕೆ. ಸಾದಾ ಸೋಪಿನ ನೀರಲ್ಲಿ ಕೈಯಿಂದಲೇ ತೊಳೆಯಿರಿ. ಹಿಂಡಬೇಡಿ, ಒಣ ಟವೆಲಿನಲ್ಲಿ ಸುತ್ತಿ ಒತ್ತಿದರೆ ಮುಕ್ಕಾಲು ನೀರು ಇಳಿಯುತ್ತದೆ, ಆಮೇಲೆ ಫ್ಯಾನಿನಡಿ ಹರಡಿ. ನಮ್ಮ ಕಡೆ ಮಳೆಗಾಲದಲ್ಲಿ ಬಟ್ಟೆಯನ್ನೆಲ್ಲ ಒಲೆಯ ಮೇಲಿನ ಗಳದ ಮೇಲೆ ಹರವುತ್ತೇವಲ್ಲ, ಈ ಅಂಗಿಯನ್ನು ಮಾತ್ರ ಅಲ್ಲಿ ಹಾಕಬೇಡಿ. ಬಿಸಿಗೆ ಇಲಾಸ್ಟಿಕ್ ಸತ್ತುಹೋಗುತ್ತದೆ, ನೋಡಲು ಅಂಗಿ ಹಾಗೇ ಇರುತ್ತದೆ, ಒತ್ತಡ ಇರುವುದಿಲ್ಲ. ಸುಲಭವಾಗಿ ಎರಡು ಬೆರಳು ಒಳಗೆ ತೂರಿ ಆಡುವಂತಾದರೆ ಹೊಸದರ ಅಳತೆ ಕೊಡುವ ಕಾಲ ಬಂದಿದೆ.